ಹಳೆ ಅಕ್ಕಿಯಂತೆ ಹಳೆ ಬಿಯರ್? ರಾಯಚೂರಿನ ಬಿಸಿಲಲ್ಲಿ ಬಾಟಲಿ ಮಾಗಿಸುವ ಸಮಗ್ರ ಮಾರ್ಗದರ್ಶಿ

ನಮ್ಮ ಕಡೆ ಹಳೆ ಅಕ್ಕಿಗೆ ರೇಟು ಜಾಸ್ತಿ. ಸಿಂಧನೂರಿನ ಸೋನಾ ಮಸೂರಿ ಇರಲಿ, ಗಂಗಾವತಿಯದಿರಲಿ, ಒಂದು ವರ್ಷ ಕೂತ ಅಕ್ಕಿಯ ಅನ್ನ ಉದುರುದುರಾಗಿ ಬರುತ್ತದೆ. ಹೊಸ ಅಕ್ಕಿ ಮುದ್ದೆಯಾಗುತ್ತದೆ. ಹಾಗಂತ ಮಜ್ಜಿಗೆಯನ್ನು ಯಾರಾದರೂ ವರ್ಷ ಇಡುತ್ತಾರಾ? ಬಿಯರ್ ವಿಷಯವೂ ಇಷ್ಟೇ. ನೂರು ಬಾಟಲಿಯಲ್ಲಿ ತೊಂಬತ್ತಕ್ಕೂ ಹೆಚ್ಚು ಮಜ್ಜಿಗೆಯ ಜಾತಿ. ಉಳಿದ ಕೆಲವು ಮಾತ್ರ ಅಕ್ಕಿಯ ಜಾತಿ. ಅಕ್ಕಿಯ ಜಾತಿಯದನ್ನು ಗುರುತು ಹಿಡಿಯುವುದು ಹೇಗೆ, ಮೇ ತಿಂಗಳಲ್ಲಿ 42 ಡಿಗ್ರಿ ಮುಟ್ಟುವ ನಮ್ಮೂರಲ್ಲಿ ಅದನ್ನು ಹಾಳಾಗದಂತೆ ಇಡುವುದು ಹೇಗೆ ಎಂಬುದನ್ನು ಇಲ್ಲಿ ಹೇಳುತ್ತೇನೆ.

ಮೊದಲು ನನ್ನ ತಪ್ಪು ಹೇಳಿಬಿಡುತ್ತೇನೆ. ವೈನ್ ಹಳೆಯದಾದಷ್ಟೂ ರುಚಿ ಅಂತ ಎಲ್ಲೋ ಕೇಳಿದ್ದೆ. ಬಿಯರ್ ಯಾಕಾಗಬಾರದು ಅನ್ನಿಸಿತು. ಆರು ಬಾಟಲಿ ಸ್ಟ್ರಾಂಗ್ ಬಿಯರ್ ತಂದು ಅಟ್ಟದ ಮೇಲೆ ಇಟ್ಟೆ. ಒಂದು ಯುಗಾದಿಗೆ ಇಟ್ಟಿದ್ದು, ಮುಂದಿನ ಯುಗಾದಿಗೆ ತೆಗೆದೆ. ಗೆಳೆಯ ಒಂದು ಗುಟುಕು ಕುಡಿದು, "ಏನ್ಲೇ, ಮಳ್ಯಾಗ ತೊಯ್ದ ರಟ್ಟಿನ ಡಬ್ಬಿ ಹಿಂಡಿ ಕೊಟ್ಟೀಯೇನು?" ಅಂದ. ಅವನಿಗೆ ಗೊತ್ತಿರಲಿಲ್ಲ, ಆದರೆ ಅವನು ಹೇಳಿದ್ದು ಅಕ್ಷರಶಃ ಸರಿ. ಯಾಕೆ ಅಂತ ಮುಂದೆ ಬರುತ್ತದೆ.

ಮೊದಲ ಹೆಜ್ಜೆ: ಬಾಟಲಿಯೊಳಗೆ ಏನಾಗುತ್ತದೆ ಅಂತ ತಿಳಿಯಿರಿ

ಹಳಸುವುದು ಬೇರೆ, ಮಾಗುವುದು ಬೇರೆ. ಬಾಟಲಿಯೊಳಗೆ ಎರಡೂ ಒಟ್ಟಿಗೇ ನಡೆಯುತ್ತವೆ. ಯಾವುದು ಗೆಲ್ಲುತ್ತದೆ ಎಂಬುದೇ ಪ್ರಶ್ನೆ.

ಹಳಸುವುದಕ್ಕೆ ಮುಖ್ಯ ಕಾರಣ ಆಮ್ಲಜನಕ. ಬಾಟಲಿ ತುಂಬುವಾಗ ಸ್ವಲ್ಪ ಒಳಗೆ ಸೇರಿರುತ್ತದೆ. ಮುಚ್ಚಳದ ಒಳಗಿನ ಪದರದ ಮೂಲಕವೂ ವರ್ಷಗಟ್ಟಲೆ ನಿಧಾನವಾಗಿ ನುಸುಳುತ್ತದೆ. ಹಳಸಿದ ಬಿಯರಿನಲ್ಲಿ ಟ್ರಾನ್ಸ್-2-ನೊನೆನಾಲ್ ಎಂಬ ವಸ್ತು ತಲೆ ಎತ್ತುತ್ತದೆ. ಅದರ ವಾಸನೆಯೇ ನೆಂದ ರಟ್ಟಿನ ವಾಸನೆ. ಸಾವಿರ ಕೋಟಿ ಪಾಲಿನಲ್ಲಿ ಒಂದು ಪಾಲು ಇದ್ದರೂ ಮೂಗಿಗೆ ಗೊತ್ತಾಗುತ್ತದೆ. ನನ್ನ ಗೆಳೆಯನ ಮೂಗಿಗೆ ಗೊತ್ತಾಗಿದ್ದು ಅದೇ.

ಎರಡನೆಯ ಬದಲಾವಣೆ ಹಾಪ್ಸ್‌ನಲ್ಲಿ. ಬಿಯರಿಗೆ ಕಹಿ ಮತ್ತು ಪರಿಮಳ ಕೊಡುವ ಹೂವು ಅದು. ಪರಿಮಳ ಕೆಲವೇ ತಿಂಗಳಲ್ಲಿ ಆರುತ್ತದೆ, ಕಹಿ ನಿಧಾನವಾಗಿ ಇಳಿಯುತ್ತದೆ. ಹಾಗಾಗಿ ಹಾಪ್ಸ್ ಪರಿಮಳಕ್ಕಾಗಿಯೇ ಕೊಳ್ಳುವ ಐಪಿಎ (ಇಂಡಿಯಾ ಪೇಲ್ ಏಲ್) ಬಿಯರನ್ನು ಇಡುವುದೆಂದರೆ ಮಲ್ಲಿಗೆ ಹಾರವನ್ನು ಮುಂದಿನ ಹಬ್ಬಕ್ಕೆ ಎತ್ತಿಟ್ಟ ಹಾಗೆ. ತಮಾಷೆ ಏನೆಂದರೆ, ಐಪಿಎಯ ಹೆಸರಿನಲ್ಲೇ ಇಂಡಿಯಾ ಇದೆ. ಹಡಗಿನ ಕಾಲದಲ್ಲಿ ಇಂಗ್ಲೆಂಡಿನಿಂದ ಇಲ್ಲಿಗೆ ಬರಲು ತಿಂಗಳುಗಟ್ಟಲೆ ಹಿಡಿಯುತ್ತಿತ್ತು. ಆ ಪಯಣದಲ್ಲೇ ಪೀಪಾಯಿಯೊಳಗೆ ಬಿಯರ್ ಮಾಗುತ್ತಿತ್ತು. ಈಗಿನ ಐಪಿಎ ಹೆಸರಿಗೆ ಮಾತ್ರ ಅದರ ಮೊಮ್ಮಗ. ತಂದ ವಾರವೇ ಕುಡಿಯಬೇಕು.

ಮಾಗುವುದೆಂದರೆ ಏನು? ಗಾಢ ಬಣ್ಣದ, ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) ಜಾಸ್ತಿ ಇರುವ, ಗಟ್ಟಿ ಬಿಯರಿನಲ್ಲಿ ಅದೇ ಆಮ್ಲಜನಕ ಬೇರೆ ರುಚಿ ತರುತ್ತದೆ: ಒಣದ್ರಾಕ್ಷಿ, ಖರ್ಜೂರ, ಕರಗಿದ ಬೆಲ್ಲ, ಶೆರ್ರಿ ವೈನ್. ಹುರಿದ ಮಾಲ್ಟ್‌ನಲ್ಲಿರುವ ಮೆಲನಾಯ್ಡಿನ್ ಎಂಬ ಕಂದು ಬಣ್ಣದ ವಸ್ತುಗಳು ಆಮ್ಲಜನಕದ ಹೊಡೆತವನ್ನು ಸ್ವಲ್ಪ ತಡೆಯುತ್ತವೆ. ಹೊಸದರಲ್ಲಿ ಗಂಟಲು ಸುಡುವ ಆಲ್ಕೋಹಾಲಿನ ಖಾರವೂ ಮೆತ್ತಗಾಗುತ್ತದೆ.

ಇನ್ನು ಯೀಸ್ಟ್. ಕೆಲವು ಬಿಯರುಗಳನ್ನು ಜೀವಂತ ಯೀಸ್ಟ್ ಸಮೇತ ಬಾಟಲಿಗೆ ತುಂಬುತ್ತಾರೆ. ಆ ಯೀಸ್ಟ್ ಒಳಗಿದ್ದ ಆಮ್ಲಜನಕವನ್ನು ತಿಂದುಬಿಡುತ್ತದೆ. ನಮ್ಮ ಹಿರಿಯರ ಹಗೇವು, ಅಂದರೆ ಕಾಳು ಇಡುವ ನೆಲದೊಳಗಿನ ಗುಂಡಿ, ನೆನಪಿಸಿಕೊಳ್ಳಿ. ಜೋಳ ತುಂಬಿ ಬಾಯಿ ಮುಚ್ಚಿದ ಮೇಲೆ ಕಾಳು ಉಸಿರಾಡಿ ಒಳಗಿನ ಆಮ್ಲಜನಕ ಖಾಲಿ ಮಾಡುತ್ತದೆ. ಆಮೇಲೆ ಹುಳ ಬದುಕುವುದಿಲ್ಲ. ಅದಕ್ಕೇ ಹಗೇವು ತೆಗೆದ ಕೂಡಲೇ ಯಾರೂ ಇಳಿಯುವುದಿಲ್ಲ, ಮೊದಲು ದೀಪ ಇಳಿಸಿ ನೋಡುತ್ತಾರೆ. ಯೀಸ್ಟ್ ಇರುವ ಬಾಟಲಿ ಅಂದರೆ ಒಂದು ಪುಟ್ಟ ಹಗೇವು.

ಎರಡನೆಯ ಹೆಜ್ಜೆ: ಲೇಬಲ್ ಓದಿ ಆರಿಸಿ

ಬಾಟಲಿ ಕೈಗೆ ಬಂದಾಗ ನಾನು ಮೊದಲು ನೋಡುವುದು ಆಲ್ಕೋಹಾಲ್. ಶೇ 8ಕ್ಕಿಂತ ಕಡಿಮೆ ಇದ್ದರೆ ಸಾಮಾನ್ಯವಾಗಿ ಅಲ್ಲಿಗೇ ಮುಗಿಯಿತು. ಆಮೇಲೆ ಬಣ್ಣ. ಆಮೇಲೆ ತಳದಲ್ಲಿ ಯೀಸ್ಟ್ ಗಸಿ ಇದೆಯಾ ಅಂತ ಬೆಳಕಿಗೆ ಹಿಡಿದು ನೋಡುತ್ತೇನೆ. ಕೊನೆಗೆ ವರ್ಷ ಅಚ್ಚಾಗಿದೆಯಾ ಅಂತ. ತಯಾರಿಸಿದವರೇ ವರ್ಷವನ್ನು ದೊಡ್ಡದಾಗಿ ಹಾಕಿದ್ದರೆ, ಇಡಬಹುದು ಅಂತ ಅವರೇ ಹೇಳಿದ ಹಾಗೆ.

"ನಮ್ಮ ಸ್ಟ್ರಾಂಗ್ ಬಿಯರಿನಲ್ಲೂ ಶೇ 8 ಇರುತ್ತಲ್ವಾ?" ಅಂತ ಕೇಳಬಹುದು. ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ನಿಯಮದಲ್ಲಿ ಶೇ 5ಕ್ಕಿಂತ ಜಾಸ್ತಿ, ಶೇ 8ರವರೆಗೆ ಇದ್ದರೆ ಅದು ಸ್ಟ್ರಾಂಗ್. ಆದರೆ ಸಂಖ್ಯೆಯೊಂದೇ ಸಾಲದು. ಅಂಗಡಿಯಲ್ಲಿ ಸಿಗುವ ಸ್ಟ್ರಾಂಗ್ ಸಾಮಾನ್ಯವಾಗಿ ತೆಳು ಮೈಯ ಲಾಗರ್, ಅಂದರೆ ತಂಪಿನಲ್ಲಿ ನಿಧಾನವಾಗಿ ಹುದುಗಿಸಿದ ಬಿಯರ್. ಸೋಸಿ, ಪಾಶ್ಚರೀಕರಣ ಮಾಡಿ ತುಂಬಿದ್ದು. ಯೀಸ್ಟ್ ಇಲ್ಲ, ಗಾಢ ಮಾಲ್ಟ್ ಇಲ್ಲ. ಮಾಗಲು ಒಳಗೆ ಏನೂ ಇಲ್ಲ. ಲೇಬಲ್ ಮೇಲೆ ಸಾಮಾನ್ಯವಾಗಿ ತಯಾರಾದ ದಿನದಿಂದ ಆರು ತಿಂಗಳು ಅಂತ ಇರುತ್ತದೆ. ಅದನ್ನು ನಂಬಿ. ನನ್ನ ಕೇಳಿದರೆ, ಬೇಸಿಗೆಯಲ್ಲಿ ಮೂರು ತಿಂಗಳಿಗಿಂತ ಹಳೆಯದನ್ನು ಅಂಗಡಿಯಲ್ಲಿ ಮುಟ್ಟುವುದಿಲ್ಲ.

ಹಾಗಾದರೆ ಯಾವುದನ್ನು ಇಡಬಹುದು?

ಇಂಗ್ಲೆಂಡಿನ ಬಾರ್ಲಿ ವೈನ್ ಮತ್ತು ಹಳೆ ಬಗೆಯ ಗಟ್ಟಿ ಏಲ್ (ಲಾಗರಿಗಿಂತ ಬೆಚ್ಚಗೆ ಹುದುಗಿಸುವ ಬಿಯರ್). ಹೆಸರು ವೈನ್ ಆದರೂ ಇದು ಬಿಯರೇ. ಫುಲ್ಲರ್ಸ್ ವಿಂಟೇಜ್ ಏಲ್ 1997ರಿಂದ ವರ್ಷಕ್ಕೊಂದು ಬರುತ್ತದೆ, ಶೇ 8.5, ಬಾಟಲಿಯಲ್ಲಿ ಯೀಸ್ಟ್ ಇರುತ್ತದೆ. ಅಮೆರಿಕದ ಸಿಯೆರಾ ನೆವಾಡಾ ಬಿಗ್‌ಫುಟ್ ಶೇ 9.6. ಹೊಸದರಲ್ಲಿ ಹಾಗಲಕಾಯಿಯಷ್ಟು ಕಹಿ. ಮೂರ್ನಾಲ್ಕು ವರ್ಷಕ್ಕೆ ಕಹಿ ಇಳಿದು ಮಾಲ್ಟ್‌ನ ಸಿಹಿ ಮುಂದೆ ಬರುತ್ತದೆ. ಇವು ಎಷ್ಟು ಕಾಲ ಬಾಳುತ್ತವೆ ಅಂತೀರಾ? ಇಂಗ್ಲೆಂಡಿನ ಬರ್ಟನ್‌ನಲ್ಲಿ 1869ರಲ್ಲಿ ಬಾಸ್ ಕಂಪನಿ ಮಾಡಿದ ರ‍್ಯಾಟ್‌ಕ್ಲಿಫ್ ಏಲ್ ಬಾಟಲಿಗಳನ್ನು ನೂರು ವರ್ಷ ದಾಟಿದ ಮೇಲೂ ತೆರೆದು ಕುಡಿದವರಿದ್ದಾರೆ.

ಬೆಲ್ಜಿಯಂನ ಟ್ರಾಪಿಸ್ಟ್ ಎಂಬ ಕ್ರೈಸ್ತ ಸನ್ಯಾಸಿ ಪಂಥದ ಮಠಗಳ ಗಾಢ ಬಿಯರುಗಳು. ಶಿಮೇ ನೀಲಿ ಲೇಬಲ್ ಶೇ 9, ವರ್ಷ ಅಚ್ಚಾಗಿರುತ್ತದೆ. ರೋಶ್‌ಫೋರ್ 10 ಎಂಬುದು ಶೇ 11.3. ನಮ್ಮಂಥವರಿಗೆ ಶುರು ಮಾಡಲು ಶಿಮೇ ಒಳ್ಳೆಯದು, ದೊಡ್ಡ ಊರುಗಳ ಅಂಗಡಿಗಳಲ್ಲಿ ಒಮ್ಮೊಮ್ಮೆ ಕಣ್ಣಿಗೆ ಬೀಳುತ್ತದೆ.

ಇಂಪೀರಿಯಲ್ ಸ್ಟೌಟ್. ಕಾಫಿಯಂತೆ ಕಪ್ಪು, ಗಟ್ಟಿ. ಒಂದರಿಂದ ಮೂರು ವರ್ಷ ಸಾಕು. ಆದರೆ ಕಾಫಿ, ವೆನಿಲಾ, ತೆಂಗು ಅಂತ ಏನೇನೋ ಸೇರಿಸಿದ್ದರೆ ಆ ಪರಿಮಳ ಬೇಗ ಹೋಗುತ್ತದೆ. ಅದನ್ನು ಇಡಬೇಡಿ.

ನಿಯಮ ಮುರಿಯುವ ಎರಡು ಬಗೆಗಳೂ ಇವೆ. ಓರ್ವಾಲ್ ಎಂಬ ಮಠದ ಬಿಯರ್ ಬರೀ ಶೇ 6.2. ಆದರೆ ಅದರಲ್ಲಿ ಬ್ರೆಟ್ಟನೊಮೈಸಿಸ್ ಎಂಬ ಕಾಡು ಯೀಸ್ಟ್ ಇದೆ. ಬೇರೆ ಯೀಸ್ಟ್ ತಿನ್ನಲಾಗದ ಸಕ್ಕರೆಯನ್ನೂ ಇದು ನಿಧಾನವಾಗಿ ತಿನ್ನುತ್ತಾ ಹೋಗುತ್ತದೆ. ಆರು ತಿಂಗಳಿಗೊಂದು ರುಚಿ, ಎರಡು ವರ್ಷಕ್ಕೆ ಇನ್ನೊಂದು ರುಚಿ. ಇನ್ನೊಂದು ಬಗೆ ಬ್ರಸೆಲ್ಸ್ ಸುತ್ತಮುತ್ತಲಿನ ಗ್ಯೂಜ್. ಒಂದು, ಎರಡು, ಮೂರು ವರ್ಷದ ಹುಳಿ ಲ್ಯಾಂಬಿಕ್ ಬಿಯರುಗಳನ್ನು ಬೆರೆಸಿ ತುಂಬಿದ್ದು. ಕ್ಯಾಂಟಿಯಾನ್, ಬೂನ್ ಇವೆಲ್ಲ ಈ ಜಾತಿ. ಇದಕ್ಕೆ ಬೇಕೆಂದೇ ಹಳೆಯ, ಪರಿಮಳ ಹೋದ ಹಾಪ್ಸ್ ಹಾಕುತ್ತಾರೆ. ಕಳೆದುಕೊಳ್ಳಲು ಏನೂ ಇಲ್ಲದವನಿಗೆ ಮುಪ್ಪಿನ ಭಯ ಏನು? ಹತ್ತು ವರ್ಷವೂ ಇರುತ್ತದೆ.

ಲಾಗರ್ ಅಂದರೆ ಇಡಲೇಬಾರದು ಅಂತಲೂ ಇಲ್ಲ. ಆಸ್ಟ್ರಿಯಾದ ಸಾಮಿಕ್ಲೌಸ್ ಲಾಗರೇ. ಆದರೆ ಶೇ 14. ವರ್ಷಕ್ಕೊಮ್ಮೆ, ಡಿಸೆಂಬರ್ 6ರಂದು ಮಾತ್ರ ಮಾಡುತ್ತಾರೆ.

ಮೂರನೆಯ ಹೆಜ್ಜೆ: ತರುವ ದಾರಿ

ಇವು ರಾಯಚೂರಿನ ಅಂಗಡಿಯಲ್ಲಿ ಸಿಗುತ್ತವೆ ಅಂತ ಕಾಯಬೇಡಿ. ಬೆಂಗಳೂರಿನ ದೊಡ್ಡ ಅಂಗಡಿ, ಇಲ್ಲವೇ ವಿದೇಶದಿಂದ ಬರುವ ನೆಂಟರು. ವಿಮಾನದಲ್ಲಿ ಬರುವವರಿಗೆ ಸುಂಕವಿಲ್ಲದೆ 2 ಲೀಟರ್ ಮದ್ಯಕ್ಕೆ ಅವಕಾಶ ಇದೆ. 330 ಎಂಎಲ್‌ನ ಆರು ಬಾಟಲಿ ಅಂದರೆ 1.98 ಲೀಟರ್. ಲೆಕ್ಕ ಸರಿಯಾಗಿ ಕೂರುತ್ತದೆ. ದುಬೈಯಲ್ಲಿರುವ ತಮ್ಮನಿಗೆ ನಾನು ಹೇಳಿಕೊಟ್ಟಿರುವುದು ಇಷ್ಟೇ: ಒಂದೊಂದು ಬಾಟಲಿಯನ್ನೂ ಜೀನ್ಸ್ ಪ್ಯಾಂಟಿನ ಕಾಲೊಳಗೆ ತೂರಿಸಿ ಸುತ್ತು. ಬಳ್ಳಾರಿ ಜೀನ್ಸ್ ಇಷ್ಟು ಗಟ್ಟಿ ಯಾಕೆ ಹೊಲಿಯುತ್ತಾರೆ ಅಂತ ಅವನಿಗೆ ಅವತ್ತು ಗೊತ್ತಾಯಿತು.

ಹೈದರಾಬಾದ್ ನಮಗೆ ಬೆಂಗಳೂರಿಗಿಂತ ಹತ್ತಿರ. ಆಸೆ ಆಗುತ್ತದೆ. ಆದರೆ ತೆಲಂಗಾಣದಲ್ಲಿ ಕೊಂಡದ್ದನ್ನು ಪರ್ಮಿಟ್ ಇಲ್ಲದೆ ಗಡಿ ದಾಟಿಸಿದರೆ ಅಬಕಾರಿಯವರು ಹಿಡಿಯುತ್ತಾರೆ. ಮನೆಯಲ್ಲಿ ಎಷ್ಟು ಇಟ್ಟುಕೊಳ್ಳಬಹುದು ಎಂಬುದಕ್ಕೂ ಮಿತಿ ಇದೆ. ಕೂಡಿಡುವ ಹುಚ್ಚು ಹಿಡಿಯುವ ಮೊದಲು ಅಬಕಾರಿ ಕಚೇರಿಯಲ್ಲಿ ವಿಚಾರಿಸಿಕೊಳ್ಳಿ.

ಬೆಂಗಳೂರಿನಿಂದ ತರುವುದಾದರೆ ರಾತ್ರಿ ಹೊತ್ತು ತನ್ನಿ. ಏಪ್ರಿಲ್‌ನಲ್ಲಿ ಹಗಲು ಕಾರಿನ ಡಿಕ್ಕಿಯಲ್ಲಿ ಇಟ್ಟರೆ ಬಿಯರ್ ಅಲ್ಲೇ ಅರ್ಧ ಮುದುಕಾಗುತ್ತದೆ.

ನಾಲ್ಕನೆಯ ಹೆಜ್ಜೆ: ಇಡುವ ಜಾಗ. ಇಲ್ಲೇ ಎಲ್ಲ ಇರುವುದು

ಯುರೋಪಿನವರು ಸುಮ್ನೆ ನೆಲಮಾಳಿಗೆಯಲ್ಲಿ ಇಡಿ ಅಂದುಬಿಡುತ್ತಾರೆ. ಅವರ ನೆಲಮಾಳಿಗೆ 10ರಿಂದ 13 ಡಿಗ್ರಿ. ನಮ್ಮದು?

ಒಂದು ಅಂದಾಜು ಲೆಕ್ಕ ಇದೆ. ಉಷ್ಣಾಂಶ 10 ಡಿಗ್ರಿ ಏರಿದರೆ ಇಂಥ ರಾಸಾಯನಿಕ ಕ್ರಿಯೆಗಳ ವೇಗ ಸುಮಾರು ಎರಡರಷ್ಟಾಗುತ್ತದೆ. 12 ಡಿಗ್ರಿಯ ನೆಲಮಾಳಿಗೆಗೂ 38 ಡಿಗ್ರಿಯ ನಮ್ಮ ಅಟ್ಟಕ್ಕೂ 26 ಡಿಗ್ರಿ ಅಂತರ. ಅಂದರೆ ಆರು ಪಟ್ಟು ವೇಗ. ಮಾರ್ಚ್‌ನಿಂದ ಮೇವರೆಗಿನ ಮೂರು ತಿಂಗಳು ಅಲ್ಲಿನ ಒಂದೂವರೆ ವರ್ಷಕ್ಕೆ ಸಮ. "ಹಂಗಾದ್ರ ಲಾಭನೇ ಆತಲ್ಲ, ಜಲ್ದಿ ಮಾಗ್ತೈತಿ" ಅಂದ ಅದೇ ಗೆಳೆಯ. ಇಲ್ಲ. ಶಾಖದಲ್ಲಿ ಎಲ್ಲ ಕ್ರಿಯೆಗಳೂ ಒಂದೇ ಅಳತೆಯಲ್ಲಿ ಓಡುವುದಿಲ್ಲ. ಹಳಸುವುದು ಮುಂದೆ ಓಡಿ ಮಾಗುವುದು ಹಿಂದೆ ಬೀಳುತ್ತದೆ. ಕಾರ್ಬೈಡ್ ಹಾಕಿದ ಮಾವಿನ ಹಣ್ಣು ಬಣ್ಣ ಬಂದರೂ ರುಚಿ ಬರುವುದಿಲ್ಲವಲ್ಲ, ಹಾಗೆ. ಯೀಸ್ಟ್ ಕೂಡ ಶಾಖದಲ್ಲಿ ಬೇಗ ಸತ್ತು ಒಡೆದು, ಬಿಯರಿಗೆ ಸೋಯಾ ಸಾಸ್‌ನ ರುಚಿ ಕೊಡುತ್ತದೆ.

ನಮ್ಮ ಮನೆಗಳಲ್ಲಿರುವ ಜಾಗಗಳನ್ನು ಒಂದೊಂದಾಗಿ ನೋಡೋಣ. ಅಟ್ಟ ಬೇಡವೇ ಬೇಡ. ಹಳೆಯ ಮಾಳಿಗೆ ಮನೆಯ ದಪ್ಪ ಮಣ್ಣಿನ ಗೋಡೆಯ ಒಳಕೋಣೆ ಹೊರಗಿಗಿಂತ ತಣ್ಣಗಿರುತ್ತದೆ, ನಿಜ. ಕಾಲಿಗೆ ಶಹಾಬಾದ್ ಕಲ್ಲು ಹಿತವಾಗಿರುತ್ತದೆ. ಥರ್ಮಾಮೀಟರ್ ಇಟ್ಟು ನೋಡಿ, ಮೇನಲ್ಲಿ 30 ದಾಟಿರುತ್ತದೆ. ಹಗೇವಿನಲ್ಲಿ ಇಟ್ಟರೆ? ನಾನೂ ಕನಸು ಕಂಡಿದ್ದೆ. ಆದರೆ ನೆಲದ ಆಳದ ಉಷ್ಣಾಂಶ ಆ ಊರಿನ ವರ್ಷದ ಸರಾಸರಿಯ ಆಸುಪಾಸು ನಿಲ್ಲುತ್ತದೆ. ಬೆಲ್ಜಿಯಂನಲ್ಲಿ ಆ ಸರಾಸರಿ ಹತ್ತರ ಸುತ್ತ. ನಮ್ಮಲ್ಲಿ 27ರ ಸುತ್ತ. ಹಗೇವು ಕತ್ತಲು, ಏರಿಳಿತವಿಲ್ಲ, ಗಾಳಿಯಿಲ್ಲ, ಎಲ್ಲ ಸರಿ. ತಂಪು ಮಾತ್ರ ಇಲ್ಲ. ಜೋಳಕ್ಕೆ ಸಾಕು, ಬಿಯರಿಗೆ ಸಾಲದು.

ಉಳಿದದ್ದು ಫ್ರಿಜ್. ಮನೆಯ ಫ್ರಿಜ್‌ನ 4–5 ಡಿಗ್ರಿಯಲ್ಲಿ ಬಿಯರ್ ಹಾಳಾಗುವುದಿಲ್ಲ, ಮಾಗುವುದು ಮಾತ್ರ ಬಹಳ ನಿಧಾನ. ಎರಡೋ ಮೂರೋ ಬಾಟಲಿ ಇದ್ದರೆ ಇದೇ ಸಾಕು. ಬಾಗಿಲಿನಲ್ಲಿ ಬೇಡ, ಪದೇ ಪದೇ ಅಲುಗಾಡುತ್ತದೆ. ಕೆಳಗಿನ ತರಕಾರಿ ಪೆಟ್ಟಿಗೆಯ ಹಿಂದೆ ಇಡಿ. ಫ್ರೀಜರ್‌ಗೆ ಹೋಗದಂತೆ ನೋಡಿಕೊಳ್ಳಿ, ಗಡ್ಡೆ ಕಟ್ಟಿ ಬಾಟಲಿ ಒಡೆಯುತ್ತದೆ. ನಮ್ಮ ಮನೆಯಲ್ಲಿ ಅವ್ವ ಕೆನೆಯ ಪಾತ್ರೆಗೆ ಜಾಗ ಬೇಕಾದಾಗಲೆಲ್ಲ ನನ್ನ ಬಾಟಲಿಗಳನ್ನು ಎತ್ತಿ ಹೊರಗಿಡುತ್ತಿದ್ದಳು. ಅದಕ್ಕೇ ಬೇರೆ ವ್ಯವಸ್ಥೆ ಮಾಡಬೇಕಾಯಿತು.

ಆ ವ್ಯವಸ್ಥೆ ಹೀಗಿದೆ. ಒಂದು ಸೆಕೆಂಡ್ ಹ್ಯಾಂಡ್ ಸಿಂಗಲ್ ಡೋರ್ ಫ್ರಿಜ್ ತೆಗೆದುಕೊಳ್ಳಿ. ಕಂಪ್ರೆಸರ್ ಚೆನ್ನಾಗಿದ್ದರೆ ಸಾಕು, ಬಣ್ಣ ಹೋಗಿದ್ದರೂ ನಡೆಯುತ್ತದೆ. ಹೊರಗಿನಿಂದ ಜೋಡಿಸುವ ಟೆಂಪರೇಚರ್ ಕಂಟ್ರೋಲರ್ ಕೊಳ್ಳಿ. ಪ್ಲಗ್ ಪಾಯಿಂಟಿಗೂ ಫ್ರಿಜ್‌ಗೂ ನಡುವೆ ಅದು ಕೂರುತ್ತದೆ. ಫ್ರಿಜ್‌ನ ಸ್ವಂತ ತಿರುಗಣಿಯನ್ನು ಪೂರ್ತಿ ತಂಪಿಗೆ ಇಟ್ಟು, ಕಂಟ್ರೋಲರ್‌ನಲ್ಲಿ 12 ಹಾಕಿ. ಅಂತರ 2 ಡಿಗ್ರಿ ಇಡಿ. ಅಂದರೆ 14ಕ್ಕೆ ಏರಿದಾಗ ಆನ್, 12ಕ್ಕೆ ಇಳಿದಾಗ ಆಫ್. ಕಂಪ್ರೆಸರ್ ಮತ್ತೆ ಶುರುವಾಗುವ ಮುನ್ನ ಮೂರರಿಂದ ಐದು ನಿಮಿಷ ಬಿಡುವು ಇಡಿ, ಇಲ್ಲದಿದ್ದರೆ ಬೇಗ ಸುಡುತ್ತದೆ. ಸೆನ್ಸರ್ ತಂತಿಯನ್ನು ಗಾಳಿಯಲ್ಲಿ ನೇತು ಹಾಕಬೇಡಿ. ನೀರು ತುಂಬಿದ ಬಾಟಲಿಗೆ ಟೇಪಿನಿಂದ ಅಂಟಿಸಿ. ಆಗ ಅದು ಗಾಳಿಯ ಉಷ್ಣಾಂಶ ಅಳೆಯದೆ ದ್ರವದ ಉಷ್ಣಾಂಶ ಅಳೆಯುತ್ತದೆ.

ಕರೆಂಟ್ ಹೋಗುತ್ತದಲ್ಲ? ಹೋಗುತ್ತದೆ. ಥರ್ಮಲ್ ಪ್ಲಾಂಟ್ ಪಕ್ಕದಲ್ಲೇ ಶಕ್ತಿನಗರದಲ್ಲಿದ್ದರೂ ಹೋಗುತ್ತದೆ. ಖಾಲಿ ಜಾಗದಲ್ಲೆಲ್ಲ ನೀರಿನ ಬಾಟಲಿ ತುಂಬಿಸಿಡಿ. ನೀರು ತಂಪನ್ನು ಹಿಡಿದಿಡುತ್ತದೆ. ಬಾಗಿಲು ತೆರೆಯದಿದ್ದರೆ ಕೆಲವು ತಾಸು ಏನೂ ಆಗುವುದಿಲ್ಲ.

ಬೆಳಕಿನ ಮಾತು ಬೇಗ ಹೇಳಿಬಿಡುತ್ತೇನೆ. ಬಿಸಿಲು ತಾಗಿದರೆ ಹಾಪ್ಸ್‌ನ ಕಹಿ ವಸ್ತು ಒಡೆದು, ಸುಟ್ಟ ರಬ್ಬರು ಕೊಳೆತ ಈರುಳ್ಳಿ ಸೇರಿದಂಥ ನಾತ ಬರುತ್ತದೆ. ಹಸಿರು ಮತ್ತು ಬಿಳಿ ಗಾಜಿಗೆ ಕೆಲವು ನಿಮಿಷ ಸಾಕು. ಕಂದು ಗಾಜು ಸ್ವಲ್ಪ ತಡೆಯುತ್ತದೆ. ಯಾವುದೇ ಗಾಜಾದರೂ ಹಳೆ ಪೇಪರ್ ಸುತ್ತಿ.

ಬಾಟಲಿಯನ್ನು ನಿಲ್ಲಿಸಿಯೇ ಇಡಿ. ಮಲಗಿಸಿದರೆ ಗಸಿ ಬದಿಗೆ ಅಂಟಿ, ಸುರಿಯುವಾಗ ಕದಡುತ್ತದೆ. ಕಾರ್ಕ್ ಹಾಕಿದ ಗ್ಯೂಜ್ ಮಾತ್ರ ಸಂಪ್ರದಾಯದಂತೆ ಮಲಗಿಸುತ್ತಾರೆ.

ಐದನೆಯ ಹೆಜ್ಜೆ: ಚೀಟಿ ಅಂಟಿಸಿ, ಒಂದನ್ನು ಈಗಲೇ ಕುಡಿಯಿರಿ

ಒಂದೇ ಬಾಟಲಿ ತಂದು ಇಡಬೇಡಿ. ಕಡಿಮೆ ಎಂದರೆ ಮೂರು ಬೇಕು. ಒಂದನ್ನು ತಂದ ವಾರವೇ ತೆರೆದು, ರುಚಿ ಹೇಗಿತ್ತು ಅಂತ ನಿಮ್ಮದೇ ಮಾತಿನಲ್ಲಿ ಬರೆದಿಡಿ. ಹೊಸದು ಹೇಗಿತ್ತು ಅಂತ ಗೊತ್ತಿಲ್ಲದಿದ್ದರೆ ಹಳೆಯದು ಚೆನ್ನಾಗಾಯಿತೋ ಕೆಟ್ಟಿತೋ ಹೇಳುವುದು ಹೇಗೆ? ಹೊಸದೇ ಹಿಡಿಸಿದರೆ ಉಳಿದೆರಡನ್ನೂ ಕುಡಿದುಬಿಡಿ. ಇಡಲೇಬೇಕೆಂಬ ಹರಕೆ ಏನಿಲ್ಲ. ಹಿಡಿಸದೆ, ಖಾರ ಜಾಸ್ತಿ, ಕಹಿ ಜಾಸ್ತಿ ಅನ್ನಿಸಿದ್ದನ್ನೇ ಇಡಬೇಕು. ಸಮಯ ಇಳಿಸುವುದು ಅವನ್ನೇ.

ಎರಡನೆಯದು ವರ್ಷಕ್ಕೆ. ಮೂರನೆಯದು ಎರಡನೆಯದರ ರುಚಿ ನೋಡಿ ತೀರ್ಮಾನ. ರಟ್ಟಿನ ವಾಸನೆ ಶುರುವಾಗಿದ್ದರೆ ಕಾಯಬೇಡಿ. ಅದು ವಾಪಸ್ ಹೋಗುವುದಿಲ್ಲ.

ಆರನೆಯ ಹೆಜ್ಜೆ: ತೆರೆಯುವುದು, ಮತ್ತು ನಿಮ್ಮ ನಾಲಿಗೆಯನ್ನೇ ಪರೀಕ್ಷಿಸುವುದು

ಮಾಗಿದ ಬಿಯರನ್ನು ಐಸ್‌ನಂತೆ ಕೊರೆಯುವಾಗ ಕುಡಿದರೆ ಇಷ್ಟು ಕಾದದ್ದೆಲ್ಲ ದಂಡ. 12–14 ಡಿಗ್ರಿಯಲ್ಲಿ ತೆರೆಯಿರಿ. ಅಗಲ ಹೊಟ್ಟೆಯ, ಬಾಯಿ ಕಿರಿದಾದ ಗಾಜಿನ ಲೋಟ ಇರಲಿ. ಬಾಟಲಿಯನ್ನು ಓರೆ ಮಾಡಿ ಒಂದೇ ಸಲಕ್ಕೆ ನಿಧಾನವಾಗಿ ಸುರಿದು, ಕೊನೆಯ ಒಂದು ಬೆರಳಷ್ಟು ಗಸಿಯನ್ನು ಬಾಟಲಿಯಲ್ಲೇ ಬಿಡಿ. ನೊರೆ ಕಮ್ಮಿ ಬಂದರೆ ಗಾಬರಿ ಬೇಡ, ಹಳೆ ಬಿಯರಿನಲ್ಲಿ ಅದು ಸಹಜ.

ಜೊತೆಗೆ ಮಿರ್ಚಿ ಬಜ್ಜಿ ಮಂಡಕ್ಕಿ ಬೇಡ. ನನಗೂ ಪ್ರಾಣವೇ ಅದು, ಆದರೆ ಆ ಖಾರದ ಮುಂದೆ ಮೂರು ವರ್ಷದ ಸೂಕ್ಷ್ಮ ರುಚಿ ಸತ್ತೇಹೋಗುತ್ತದೆ. ಶೇಂಗಾ ಹೋಳಿಗೆ ಜೊತೆ ಒಮ್ಮೆ ಪ್ರಯತ್ನಿಸಿ. ಗಾಢ ಬೆಲ್ಜಿಯನ್ ಬಿಯರಿನ ಬೆಲ್ಲದ ರುಚಿಗೂ ಹೋಳಿಗೆಯ ಬೆಲ್ಲಕ್ಕೂ ನೆಂಟಸ್ತನ ಕೂಡಿಬರುತ್ತದೆ.

ಈಗ ಪರೀಕ್ಷೆ. ಬಿಯರ್ ಕಾರ್ಖಾನೆಗಳಲ್ಲೂ ಇದನ್ನು ಮಾಡುತ್ತಾರೆ. ಅದೇ ಬಿಯರಿನ ಹೊಸ ಬಾಟಲಿ ಒಂದು, ಹಳೆಯದೊಂದು ತೆಗೆದುಕೊಳ್ಳಿ. ಮೂರು ಲೋಟ ಇಡಿ. ಎರಡರಲ್ಲಿ ಒಂದೇ ಬಿಯರ್, ಮೂರನೆಯದರಲ್ಲಿ ಇನ್ನೊಂದು. ಸುರಿಯುವವರು ಬೇರೆ, ಕುಡಿಯುವವರು ಬೇರೆ. ಬೇರೆಯದು ಯಾವ ಲೋಟ ಅಂತ ಗುರುತಿಸಬೇಕು. ಸುಮ್ನೆ ಊಹಿಸಿದರೂ ಮೂರರಲ್ಲಿ ಒಂದು ಸಲ ಸರಿಯಾಗುತ್ತದೆ. ಅದಕ್ಕೇ ಲೋಟಗಳ ಜಾಗ ಬದಲಿಸಿ ಐದಾರು ಸಲ ಮಾಡಬೇಕು. ಒಂದೂವರೆ ವರ್ಷ ಇಟ್ಟ ಶಿಮೇಯಲ್ಲಿ ನಾನು ಆರರಲ್ಲಿ ಐದು ಸರಿ ಹೇಳಿದೆ. ರಟ್ಟಿನ ವಾಸನೆ ಹಿಡಿದಿದ್ದ ಗೆಳೆಯ ಆರರಲ್ಲಿ ಎರಡು. ಅವನಿಗೆ ವ್ಯತ್ಯಾಸವೇ ಗೊತ್ತಾಗಲಿಲ್ಲ. ಗೊತ್ತಾದ ಮೇಲೂ "ನಂಗ ಹೊಸಾದ ಚಲೋ ಅನಸ್ತೈತಿ" ಅಂದ. ಅವನು ಕಾಯುವ ಅಗತ್ಯವಿಲ್ಲ, ದುಡ್ಡೂ ಉಳಿಯಿತು.

ಕೆಟ್ಟುಹೋದರೆ

ಆಲ್ಕೋಹಾಲ್, ಹುಳಿ, ಹಾಪ್ಸ್ ಮೂರೂ ಇರುವುದರಿಂದ ರೋಗ ತರುವ ಸೂಕ್ಷ್ಮಜೀವಿಗಳು ಬಿಯರಿನಲ್ಲಿ ಬೆಳೆಯುವುದಿಲ್ಲ. ಹಳಸಿದ್ದನ್ನು ಒಂದು ಗುಟುಕು ಕುಡಿದರೆ ಬಾಯಿ ಕೆಡುತ್ತದೆ ಅಷ್ಟೇ. ಆದರೆ ಮುಚ್ಚಳ ಉಬ್ಬಿದ್ದರೆ, ತೆರೆದ ಕೂಡಲೇ ಕಾರಂಜಿಯಂತೆ ಚಿಮ್ಮಿದರೆ ಚೆಲ್ಲಿಬಿಡಿ. ಅಂಥ ಬಾಟಲಿಯನ್ನು ಮುಖದ ಹತ್ತಿರ ಹಿಡಿದು ತೆರೆಯಬೇಡಿ.

ಅಟ್ಟದಲ್ಲಿ ಹಾಳಾದ ನನ್ನ ಆರು ಬಾಟಲಿಯಲ್ಲಿ ನಾಲ್ಕು ಮೋರಿಗೆ ಹೋದವು. ಉಳಿದೆರಡನ್ನು ಕಡಲೆಹಿಟ್ಟಿಗೆ ಕಲಸಿ ಈರುಳ್ಳಿ ಬಜ್ಜಿ ಕರಿದೆ. ಗ್ಯಾಸ್ ಇದ್ದುದರಿಂದ ಬಜ್ಜಿ ಹಗುರಾಗಿ, ಗರಿಗರಿಯಾಗಿ ಬಂತು. ರಟ್ಟಿನ ವಾಸನೆ ಎಣ್ಣೆಯಲ್ಲಿ ಎಲ್ಲಿ ಹೋಯಿತೋ. ಆ ಗೆಳೆಯ ಎರಡು ತಟ್ಟೆ ತಿಂದು, ಹಿಟ್ಟಿಗೆ ಏನು ಹಾಕಿದ್ದೆ ಅಂತ ಕೇಳಿದ. ಇನ್ನೂ ಹೇಳಿಲ್ಲ.